ಪೋಖರಾದಲ್ಲಿ ತಪ್ಪಿದ ಗಾಡಿ

ಚಟ್ಟದ ಕೊನೆಯ ಗಂಟು ಬಿಗಿಯುತ್ತಿದ್ದ ಉದಯಕುಮಾರ ಆಟೋ ನಿಂತ ಸದ್ದಿಗೆ ತಲೆ ಎತ್ತಿದ. ನಾಗಣಸೂರಿನ ಗುರುಬಾಯಿ ಇಳಿಯುತ್ತಿದ್ದಳು. ಅವಳನ್ನು ಕಂಡದ್ದೇ, ತಾಯಿ ಅವಳೊಂದಿಗೆ ಹೋದ ಯಾತ್ರೆ ನೆನಪಾಗಿ ಅವನ ಮುಖ ಗಂಟಿಕ್ಕಿತು; ಮತ್ತೆ ಹಗ್ಗದ ಕಡೆ ತಿರುಗಿದ.

ಒಳಗೆ ಅವನ ತಾಯಿ ಲೀಲಾಬಾಯಿಯನ್ನು ಚಾಪೆಯ ಮೇಲೆ ಮಲಗಿಸಿದ್ದರು. ಸೋಲಾಪುರದ ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕಾರಕೂನಿ ಮಾಡಿದವಳು. ನಿನ್ನೆ ಸಂಜೆ ಚಹಾ ಸೋಸುತ್ತಿದ್ದಾಗ ಎದೆ ಹಿಡಿದುಕೊಂಡು ಕೂತಳು, ಏಳಲಿಲ್ಲ. ಗುರುಬಾಯಿ ತಲೆಯ ಹತ್ತಿರ ಕೂತು ಅವಳ ಕೆನ್ನೆ ಸವರಿದಳು.

"ಅಕ್ಕಲಕೋಟ ಸಾಲ್ಯಾಗ ನನ್ನ ಪಾಟಿ ಮ್ಯಾಲಿನ ಲೆಕ್ಕಾ ಈಕಿನ ಬಿಡಸ್ತಿದ್ಲು. ಮಾಸ್ತರಿಗೆ ಗೊತ್ತಾಗಿ ಇಬ್ಬರಿಗೂ ಒಂದೊಂದು ಹಾಕಿ ಬಿಡ್ತಿದ್ದ."

ಮೊಮ್ಮಗಳು ಮಂಜರಿ ಅಳುವಿನ ನಡುವೆಯೇ ನಕ್ಕಳು. "ಆಜಿ ನಿಮ್ಮ ಸುದ್ದಿನ ಹೇಳ್ತಿದ್ಲು ಯಾವಾಗ್ಲೂ."

"ಸುದ್ದಿ ಹೇಳಾಕ ಬರ್ತಿತ್ತು," ಬಾಗಿಲಲ್ಲಿ ನಿಂತ ಉದಯಕುಮಾರ ಮಗಳಿಗೆ ಎಂದ. "ನಿನ್ನ ನಿಶ್ಚಯಕ್ಕ ಬರಾಕ ಆಗಲಿಲ್ಲ. ಗಾಡಿ ತಪ್ಪಿತಂತ."

ಗುರುಬಾಯಿ ಅವನನ್ನೇ ನೋಡಿದಳು. "ಗಾಡಿ ತಪ್ಪಿತು ಅಂತ ಹೇಳಿದ್ಲೇನು?"

"ಹೂಂ. ಇನ್ನೇನ ಹೇಳಬೇಕಿತ್ತು?"

*

ಎರಡು ವರ್ಷದ ಹಿಂದೆ ಅಧಿಕ ಮಾಸದ ಕೊನೆಯಲ್ಲಿ ಗೆಳತಿಯರಿಬ್ಬರೂ ಯಾತ್ರೆಯ ಬಸ್ಸಿನಲ್ಲಿ ನೇಪಾಳಕ್ಕೆ ಹೋಗಿದ್ದರು. ಮುಕ್ತಿನಾಥದ ನೂರೆಂಟು ಧಾರೆಗಳ ಕೆಳಗೆ ಸಾಲಿ ಹುಡುಗಿಯರಂತೆ ಓಡುವಾಗ ಗುರುಬಾಯಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಅವಳನ್ನು ಪೋಖರಾದ ಆಸ್ಪತ್ರೆಗೆ ಸೇರಿಸಿ ಬಸ್ಸು ಮುಂದೆ ಹೋಯಿತು. ಲೀಲಾಬಾಯಿ ಅವಳೊಂದಿಗೆ ಉಳಿದುಕೊಂಡಳು.

ಗುರುಬಾಯಿಗೆ ಕನ್ನಡ, ಒಂದಿಷ್ಟು ಸಂತೆಯ ಮರಾಠಿ ಬಿಟ್ಟರೆ ಬೇರೆ ಬಾರದು. ಡಾಕ್ಟರರ ಹಿಂದಿಯನ್ನು ಲೀಲಾಬಾಯಿ ಕನ್ನಡ ಮಾಡಿ ಇವಳಿಗೆ ಹೇಳುವಳು, ಇವಳ ನರಳಾಟವನ್ನು ಹಿಂದಿ ಮಾಡಿ ಅವರಿಗೆ. ಮುಖ ತೊಳೆಸಿ ಗಂಜಿ ಕುಡಿಸುವಳು. ಮೋಡ ಸರಿದು ಹಿಮದ ಬೆಟ್ಟ ಕಂಡಾಗ, "ಇದನ್ನ ನೋಡಾಕ ಮಂದಿ ಗುಡ್ಡಾ ಹತ್ತತಾರ. ನೀ ಮಲ್ಕೊಂಡ ನೋಡಾಕತ್ತೀದಿ," ಎನ್ನುವಳು.

ಗುಡ್ಡ ಕುಸಿದು ಮುಚ್ಚಿದ್ದ ರಸ್ತೆ ಹನ್ನೊಂದನೆಯ ದಿನ ತೆರೆಯಿತು. ಗುರುಬಾಯಿಯ ಮಗ ಭೀಮಶಾ ಮರುದಿನ ಬಂದು ಮುಟ್ಟುವವನಿದ್ದ. ಮಂಜರಿಯ ನಿಶ್ಚಿತಾರ್ಥಕ್ಕೆ ಮೂರೇ ದಿನ. ಲೀಲಾಬಾಯಿ ಟ್ಯಾಕ್ಸಿ ಕರೆಸಿ ಚೀಲ ಹಿಡಿದು ಹೊರಟಳು.

"ಲೀಲಾ, ಕಾಲು ಉರಿಯಾಕತ್ತೈತಿ."

ಬಾಗಿಲಲ್ಲೇ ತಿರುಗಿದಳು. "ನೋಯಾಕತ್ತೈತೇನು?"

"ನೋವಲ್ಲ. ಉರಿ. ಒಳಗ."

ಎಲುಬು ಕೂಡುವಾಗ ಹಾಗೆಯೇ, ಎಂದಳು ದಾದಿ. ನಾಳೆ ನೋಡೋಣ, ಎಂದರು ಡಾಕ್ಟರು. ಜೀವಮಾನದಲ್ಲಿ ದನಿ ಎತ್ತಿ ಮಾತಾಡದ ಲೀಲಾಬಾಯಿ ಡಾಕ್ಟರರ ಬಾಗಿಲಿಗೆ ಅಡ್ಡ ಕೂತುಬಿಟ್ಟಳು. ಕೊನೆಗೆ ಪ್ಲಾಸ್ಟರು ಕತ್ತರಿಸಿದರು. ಒಳಗೆ ಕೀವು ತುಂಬಿತ್ತು. ಟ್ಯಾಕ್ಸಿಯವನು ಹಾರ್ನ್ ಹಾಕಿ ಹಾಕಿ ಹೋಗಿಬಿಟ್ಟ.

*

"ಒಂದು ದಿನ ತಡಾ ಆಗಿದ್ರ ಕಾಲು ತಗೀತಿದ್ರು," ಎಂದಳು ಗುರುಬಾಯಿ. "ಮೂರನೇ ದಿನ ಜ್ವರ ಇಳಿದು ಕಣ್ಣು ಬಿಟ್ಟೆ. ಭೀಮಶಾ ಇದ್ದ, ಈಕಿನೂ ಇದ್ಲು. ಗಡಿಯಾರ ನೋಡಕೋತ, 'ಈಗ ನಮ್ಮ ಮಂಜರಿಗೆ ಉಡಿ ತುಂಬತಿರಬೇಕು' ಅಂದ್ಲು."

ಮಂಜರಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಉದಯಕುಮಾರ ಒಳಗೆ ಬಂದು ತಾಯಿಯ ಕಾಲ ಹತ್ತಿರ ಕೂತ.

"ಎಂಟು ತಿಂಗಳು ನಾ ಆಯಿ ಜೋಡಿ ನೆಟ್ಟಗ ಮಾತಾಡಲಿಲ್ಲ," ಎಂದ. "ಆಕಿ ನನಗ್ಯಾಕ ಹೇಳಲಿಲ್ಲ?"

"ನನಗೂ ಈಗ ಗೊತ್ತಾತಪಾ. ಹೇಳಿದ್ರ ನಿನ್ನ ಸಿಟ್ಟೆಲ್ಲಾ ನನ್ನ ಮ್ಯಾಲೆ ಬರ್ತಿತ್ತಲ್ಲ. ಅದಕ್ಕ ತನ್ನ ಮ್ಯಾಲೆ ತಗೊಂಡ್ಲು."

ಚಟ್ಟ ಎತ್ತಿದರು. ಹೆಂಗಸರು ಬಾಗಿಲಲ್ಲೇ ನಿಂತರು. ಗುರುಬಾಯಿ ನಿಲ್ಲಲಿಲ್ಲ, ಗೋಡೆ ಹಿಡಿದು ಮೆಟ್ಟಿಲಿಳಿದು, ಕುಂಟುತ್ತ ಓಣಿಗೆ ಬಂದಳು.

"ಬಾಯಾರ, ನೀವು ಇಲ್ಲೇ ಇರ್ರಿ," ಎಂದರು ಯಾರೋ.

ಮುಂದಿನ ಹೆಗಲು ಕೊಟ್ಟಿದ್ದ ಉದಯಕುಮಾರ ತಿರುಗಿ ನೋಡಿದ. "ಬರಲಿ," ಎಂದ. ಆಮೇಲೆ ಹೊತ್ತವರಿಗೆ, "ಸಾವಕಾಶ ನಡೀರಿ."

ಓಣಿ ದಾಟಿ ಅಕ್ಕಲಕೋಟ ರಸ್ತೆಗೆ ಬಂದಾಗ, ಟವೆಲ್ಲಿನ ಗಂಟು ಹೇರಿದ ಲಾರಿಗಳು ಹಿಂದೆ ಸಾಲಾಗಿ ನಿಂತವು. ಅವುಗಳ ಮುಂದೆ ಚಟ್ಟ, ಗುರುಬಾಯಿಯ ಕಾಲಿಗೆ ಕಾಲು ಕೂಡಿಸಿ, ಒಂದು ಉದ್ದ ಹೆಜ್ಜೆ, ಒಂದು ಗಿಡ್ಡ ಹೆಜ್ಜೆ, ನಡೆಯುತ್ತಿತ್ತು.