ಒಂದು ಕೆನ್ನೆ ಊದಿದ ದೋಣಿ

ಗಾಳಿಗೆ ಎದುರಾಗಿ ಓರೆಯಲ್ಲಿ ಏರಬೇಕಿದ್ದ ಜೋಡಿದೋಣಿ ಏಡಿಯ ಹಾಗೆ ಪಕ್ಕಕ್ಕೆ ಸರಿಯುತ್ತ ಸರಿಯುತ್ತ ಮೂರನೆಯ ಸಲವೂ ಮರಳಿಗೇ ಬಂದು ಕೂತಿತು. ಸೊಸೆ ಹಾಯಿ ಇಳಿಸಿ, ಎರಡು ಸಣಕಲು ಒಡಲುಗಳ ನಡುವೆ ಬಿಗಿದಿದ್ದ ಕ್ಯಾನ್ವಾಸಿನ ಮೇಲೆ ಕಾಲು ಇಳಿಬಿಟ್ಟು ಕೂತಳು.

"ಬಿಡಿ ಮಾವ, ನನ್ನ ಲೆಕ್ಕವೇ ತಪ್ಪು. ಪಕ್ಕಕ್ಕೆ ಜಾರದ ಹಾಗೆ ತಳಕ್ಕೆ ಒಂದೊಂದು ಹಲಗೆ ಇಳಿಸಿಬಿಡೋಣ. ಎಲ್ಲರೂ ಮಾಡೋದು ಹಾಗೇ ತಾನೆ."

ನಲವತ್ತು ವರ್ಷ ಮೀನುದೋಣಿ ಕಟ್ಟಿದ ಮುದುಕ ಬಡಗಿ ಒಡಲಿಗೆ ಮೆತ್ತಿದ್ದ ಮರಳು ಕೊಡವತೊಡಗಿದ. ತಳದ ಹಲಗೆಯಿಲ್ಲದ ದೋಣಿ ಅವಳ ಎರಡು ವರ್ಷದ ಹಟ. ಹಲಗೆಯಿಲ್ಲದಿದ್ದರೆ ಯಾರು ಬೇಕಾದರೂ ಮರಳಿನಿಂದಲೇ ತಳ್ಳಿಕೊಂಡು ಹೊರಡಬಹುದು, ಹಾಗೇ ತಂದು ಮರಳಿಗೆ ಹತ್ತಿಸಲೂಬಹುದು. ಪಕ್ಕಕ್ಕೆ ಜಾರದಂತೆ ತಡೆಯುವುದು ಒಡಲಿನ ಆಕಾರದ ಪಾಲಿನ ಕೆಲಸ: ಒಳಮೈ ಉಬ್ಬು, ಹೊರಮೈ ಚಪ್ಪಟೆ. ನಕ್ಷೆಯಲ್ಲಿ ಅವಳು ಬರೆದದ್ದೂ ಹಾಗೆಯೇ, ಇವನು ಮೊದಲು ಕಟ್ಟಿದ್ದೂ ಹಾಗೆಯೇ.

ಆದರೆ ಒಂದು ಕೆನ್ನೆ ಊದಿ ಇನ್ನೊಂದು ಬತ್ತಿದಂತಿದ್ದ ಆ ಒಡಲುಗಳನ್ನು ಕಂಡು ಇವನ ಕೈ ಸುಮ್ಮನಿರಲಿಲ್ಲ. ಪಾಪ, ಹುಡುಗಿ ಗೆರೆ ಎಳೆಯುವಾಗ ಎಡವಿದ್ದಾಳೆ, ನಾಲ್ಕು ಜನರೆದುರು ನಗೆಪಾಟಲಾಗುವುದು ಬೇಡ ಎಂದುಕೊಂಡ. ಅವಳು ತವರಿಗೆ ಹೋಗಿದ್ದ ವಾರದಲ್ಲಿ ಹೊರಮೈಗೆ ತೆಳ್ಳನೆಯ ಪಟ್ಟಿಗಳನ್ನು ಅಂಟಿಸಿ, ಉಜ್ಜಿ, ಎರಡೂ ಕಡೆ ಸಮನಾಗಿ ಉಬ್ಬು ಬರಿಸಿ, ಬಣ್ಣ ಹೊಡೆದುಬಿಟ್ಟ. ಮಾವನ ಕೈಕೆಲಸಕ್ಕೆ ಅಳತೆಪಟ್ಟಿ ಹಿಡಿದು ನೋಡುವ ಅಭ್ಯಾಸ ಅವಳಿಗಿರಲಿಲ್ಲ. ಬಣ್ಣದ ಹೊಳಪು ಕಂಡು ಹಿಗ್ಗಿದ್ದಳು, ಅಷ್ಟೆ.

ಈಗ ಅವಳು ಮಡಿಲಲ್ಲಿ ನಕ್ಷೆ ಬಿಡಿಸಿ, ಅಡ್ಡಗೀಟು ಹಾಕಲು ಪೆನ್ಸಿಲ್ ಎತ್ತಿದಳು.

"ನಿಲ್ಲಮ್ಮ," ಎಂದ ಮುದುಕ. "ನಿನ್ನ ಲೆಕ್ಕ ಸರಿಯಾಗೇ ಇದೆ. ತಿದ್ದಿದೋನು ನಾನು."

"ಏನು ತಿದ್ದಿದ್ರಿ?"

"ಹೊರಮೈ ತುಂಬಿಸಿದೆ. ಸೊಟ್ಟ ಕಾಣ್ತಿತ್ತು."

ಅವಳು ಇಳಿದು ಬಂದು ಒಡಲನ್ನು ಉದ್ದಕ್ಕೂ ತಡವಿದಳು. ಮುಖ ಕೆಂಪಾಯಿತು.

"ನನ್ನನ್ನ ಒಂದು ಮಾತು ಕೇಳೋದಲ್ವಾ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

ಸಿಟ್ಟಿನ ನಡುವೆಯೇ ಅವಳಿಗೆ ನಗು ಬಂತು. "ಸದ್ಯ, ಚೆಂದಕ್ಕೆ ಅಂತ ಹಾಯಿಗೂ ಗುಂಡಿ ಕಾಜ ಹೊಲೀಲಿಲ್ಲವಲ್ಲ."

ಮೂರು ದಿನ ಉಳಿ ಹಿಡಿದು, ತಾನು ಅಂಟಿಸಿದ್ದನ್ನೆಲ್ಲ ತಾನೇ ಎಬ್ಬಿಸಿದ. ಅವಳನ್ನು ಹತ್ತಿರಕ್ಕೂ ಬಿಟ್ಟುಕೊಳ್ಳಲಿಲ್ಲ. ಅಂಟಿಸಿದ್ದು ಅಷ್ಟು ಗಟ್ಟಿಯಾಗಿತ್ತು, ತನ್ನ ಕೈಯನ್ನು ತಾನೇ ಬೈದುಕೊಂಡ.

ನಾಲ್ಕನೆಯ ಬೆಳಿಗ್ಗೆ ಅವಳು ಅವನನ್ನೂ ಹತ್ತಿಸಿಕೊಂಡಳು. ಹಾಯಿ ತುಂಬಿತು. ಗಾಳಿಯ ಕಡೆಯ ಒಡಲು ನೀರು ಬಿಟ್ಟು ಮೆಲ್ಲಗೆ ಮೇಲೆದ್ದಿತು; ಇನ್ನೊಂದು ತನ್ನ ದಾರಿಯನ್ನು ಕಚ್ಚಿಹಿಡಿದು, ಗಾಳಿಗೇ ಓರೆಯಾಗಿ ಏರತೊಡಗಿತು.

"ಹಿಡ್ಕೊಳ್ಳಿ ಮಾವ, ಬೀಳ್ತೀರಿ."

ಮುದುಕನಿಗೆ ಕೇಳಿಸಲಿಲ್ಲ. ಅವನು ಹಿಂದಕ್ಕೆ ತಿರುಗಿ, ಮರದ ನೇರ ನೋಡುವವನಂತೆ ಒಂದು ಕಣ್ಣು ಮುಚ್ಚಿಕೊಂಡು ಕೂತಿದ್ದ. ನೀರಿನ ಮೇಲೆ ಒಂದೇ ಒಂದು ನೊರೆಗೆರೆ, ದಡದ ಹತ್ತಿರದಿಂದ ಅವನ ಕಾಲಬುಡದವರೆಗೆ, ಎಲ್ಲೂ ಬಾಗದೆ ಬಿದ್ದಿತ್ತು.