ನೂಲು ಸುತ್ತಿದ ಸ್ವಿಚ್ಚು

ಹುಮನಾಬಾದಿನ ಜಹೀರುದ್ದೀನ್ ಸೇಠರ ಬಾಡಿಗೆ ಕಾರು ಓಡಿಸುವ ಮುಂಚೆ ಗುಂಡಪ್ಪ ಬೋರಿಂಗ್ ಕೆಲಸದಲ್ಲಿದ್ದ. ಎಪ್ಪತ್ತೆರಡರ ಬರದಲ್ಲಿ ಊರೂರಿಗೆ ಕೈಪಂಪು ಬಂದಾಗ ಪೈಪಿಗೆ ಪೈಪು ಜೋಡಿಸಿದವನು ಇವನೇ. ಪೈಪಿನ ತಿರುಪಿಗೆ ಬಿಗಿಯಾಗಿ ನೂಲು ಸುತ್ತಿ, ಮೇಲೆ ಸಫೇದಾ ಎನ್ನುವ ಬಿಳಿಯ ಲೇಪ ಬಳಿದು ಕೂರಿಸಿದರೆ ಹನಿ ನೀರೂ ಹೊರಗೆ ಬರುವುದಿಲ್ಲ. ಆ ಕೆಲಸ ಬಿಟ್ಟು ವರ್ಷಗಳಾದರೂ ನೂಲಿನ ಉಂಡೆ ಅವನ ಜೇಬು ಬಿಡಲಿಲ್ಲ. ಮನೆಯಲ್ಲಿ ಸೀಮೆಎಣ್ಣೆ ಡಬ್ಬಿಯ ಮುಚ್ಚಳಕ್ಕೂ ಒಂದು ಸುತ್ತು ಹಾಕುತ್ತಿದ್ದ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಕಲಿತ ಗುಣದ ಹಣೆಬರಹವೂ ಅಷ್ಟೇ. ನಾವೆಲ್ಲ ನಗುತ್ತಿದ್ದೆವು. ಆ ಶುಕ್ರವಾರದ ಕಥೆ ಕೇಳಿದ ಮೇಲೆ ನಾನಂತೂ ನಗುವುದನ್ನು ಬಿಟ್ಟೆ.

ಸೇಠರ ಕಾರು ಸೋಲಾಪುರದಿಂದ ಬಂದ ಹಳೆಯ ಗಾಡಿ. ಸ್ಟೇರಿಂಗಿನ ಮುಂದೆ ಹೆಸರುಕಾಳಿನಷ್ಟು ಕೆಂಪು ದೀಪ ಒಂದಿತ್ತು. ಇಂಜಿನ್ನಿನೊಳಗೆ ಆಯಿಲ್ ಸರಿಯಾಗಿ ಹರಿಯದಿದ್ದರೆ ಅದು ಹತ್ತುತ್ತದೆ. ಹಿಂದಿನ ಡ್ರೈವರು ಹತ್ತಿದ ದೀಪವನ್ನು ಕಂಡೂ ಕಾಣದಂತೆ ಓಡಿಸಿ ಚಿಟಗುಪ್ಪದ ದಾರಿಯಲ್ಲಿ ಇಂಜಿನ್ ಜಾಮ್ ಮಾಡಿದ್ದ. ಸೇಠರು ಅವನನ್ನು ಅದೇ ದಿನ ಮನೆಗೆ ಕಳಿಸಿ, ಗುಂಡಪ್ಪನ ಕೈಗೆ ಚಾವಿ ಕೊಡುವಾಗ ಒಂದೇ ಮಾತು ಹೇಳಿದ್ದರು: "ಕೆಂಪು ಬತ್ತಿ ಹತ್ತಿದ್ರ ಅಲ್ಲೇ ನಿಲ್ಲಿಸು. ಖುದ್ದ್ ನಾನೇ ಹಿಂದ ಕುಂತಿದ್ರೂ ನಿಲ್ಲಿಸು."

ಗುರುವಾರ ಸಂಜೆ ಆ ದೀಪ ಹತ್ತಿತು, ಆರಲೇ ಇಲ್ಲ. ಶುಕ್ರವಾರ ಬೆಳಿಗ್ಗೆ ಗುಂಡಪ್ಪ ಕಾರನ್ನು ಸಿರಾಜುದ್ದೀನ್ ಮಿಸ್ತ್ರಿಯ ಅಂಗಡಿಗೆ ತಂದ. ಮಿಸ್ತ್ರಿ ಕಡ್ಡಿ ಎಳೆದು ಆಯಿಲ್ ನೋಡಿದ, ಇಂಜಿನ್ನಿಗೆ ಕಿವಿಯಿಟ್ಟು ಕೇಳಿದ, ಆಮೇಲೆ ಇಂಜಿನ್ನಿನ ಪಕ್ಕದಲ್ಲಿ ತಿರುಪಿನಿಂದ ಕೂರಿಸಿದ್ದ, ಆ ದೀಪವನ್ನು ಹತ್ತಿಸಿ ಆರಿಸುವ, ಹೆಬ್ಬೆರಳಿನಷ್ಟು ದಪ್ಪದ ಸ್ವಿಚ್ಚನ್ನು ತೋರಿಸಿದ.

"ಇಂಜಿನ್ ಮಸ್ತ್ ಅದ ಗುಂಡಪ್ಪ. ಈ ಸ್ವಿಚ್ಚೇ ಸುಳ್ಳು ಹೇಳಾಕತ್ತದ. ಹೊಸಾದು ತಂದಿಡು, ನಮಾಜ್ ಮುಗಿಸ್ಕೊಂಡು ಬಂದು ನಾನೇ ಹಾಕ್ತೀನಿ."

ಗುಂಡಪ್ಪ ಹೊಸ ಸ್ವಿಚ್ಚು ತಂದು ಅಂಗಡಿಯ ಕಟ್ಟೆಯ ಮೇಲೆ ಕೂತ. ಮಿಸ್ತ್ರಿ ಮಸೀದಿಗೆ ಹೋಗಿದ್ದ. ಬಸ್ ನಿಲ್ದಾಣದ ಕಡೆಯಿಂದ ಗಂಡಹೆಂಡತಿ ಇಬ್ಬರು ಓಡಿ ಬಂದದ್ದು ಆಗಲೇ. ಗಂಡನ ಹೆಸರು ಪಂಡರಿ, ದುಬಲಗುಂಡಿಯವನು. ಹೆಂಡತಿ ಮಾಣಿಕಮ್ಮನ ಕಾಲಲ್ಲಿ ಚಪ್ಪಲಿ ಇರಲಿಲ್ಲ, ತಲೆಯ ಮೇಲೆ ಸೆರಗು ನಿಲ್ಲುತ್ತಿರಲಿಲ್ಲ.

"ಅಣ್ಣಾ, ಕಲ್ಯಾಣದ ಆಚಿಗಿ ಧನಗರವಾಡಿಗಿ ಹೋಗಬೇಕರಿ," ಎಂದ ಪಂಡರಿ. "ಇಕಿ ಅವ್ವ ಧೂಳಮ್ಮ ನಸುಕಿನ್ಯಾಗ ತೀರಿಕೊಂಡಾಳ. ನಮಗ ಸುದ್ದಿ ಮುಟ್ಟಿದ್ದೇ ಈಗ. ಹೊತ್ತು ಮುಳುಗೂದ್ರಾಗ ಮಣ್ಣು ಕೊಡ್ತಾರ."

ಕುರಿ ಕಾಯುವ ಆ ಜನರಲ್ಲಿ ಒಂದು ಕಟ್ಟಳೆ ಉಂಟು. ತಾಯಿ ಸತ್ತರೆ ಕೊಟ್ಟ ಹೆಣ್ಣುಮಗಳು ಬಂದು ಬಾಯಿಗೆ ನೀರು ಬಿಟ್ಟು ಮುಖ ನೋಡುವವರೆಗೆ ಕುಣಿಗೆ ಇಳಿಸುವುದಿಲ್ಲ. ಆದರೆ ಸೂರ್ಯ ಮುಳುಗಿದ ಮೇಲೆ ಯಾರಿಗಾಗಿಯೂ ಕಾಯುವಂತಿಲ್ಲ. ಹೆಣ ಕತ್ತಲೆ ಕಂಡರೆ ಹಟ್ಟಿಗೆ ಕೇಡು ಅನ್ನುವುದು ಹಿರಿಯರ ಮಾತು. ಮಗಳಿಗಾಗಿ ಕಾಯುವುದೂ ಕಟ್ಟಳೆ, ಕಾಯದೆ ಇರುವುದೂ ಕಟ್ಟಳೆ. ಇಂಥದನ್ನು ಮಾಡಿಟ್ಟವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

"ಗಾಡಿ ರಿಪೇರಿಗಿ ಬಂದದ," ಅಂದ ಗುಂಡಪ್ಪ. "ಮಿಸ್ತ್ರಿ ಬರ್ಲಿ, ತಂಗಿ."

ಮಾಣಿಕಮ್ಮ ಅವನ ಮುಂದೆ ನೆಲದ ಮೇಲೆ ಕೂತುಬಿಟ್ಟಳು. "ಅಣ್ಣಾ, ಕಾಮನ ಹುಣ್ಣಿಮಿಗಿ ಬಾ ಅಂದಿದ್ಳು, ಹೋಗಲಿಲ್ಲ. ಪಂಚಮಿಗಿ ಅಂದ್ಳು, ಆಗಲೂ ಹೋಗಲಿಲ್ಲ. ಮಾರಿಯಾದ್ರೂ ನೋಡ್ತೀನಿ. ನಿಮ್ಮ ಕಾಲು ಬೀಳ್ತೀನಿ."

ಇಂಥ ಮಾತು ಕೇಳಿ ಕಟ್ಟೆಯ ಮೇಲೆ ಕೂತಿರಲು ಗುಂಡಪ್ಪನೇನು ಕಲ್ಲೇ? ತಿರುಪು ಬಿಚ್ಚಿ ಬಿಗಿಯುವ ಮಿಸ್ತ್ರಿಯ ಪಾನಾ ತೆಗೆದುಕೊಂಡು ತಾನೇ ಬಾನೆಟ್ಟಿನೊಳಗೆ ತಲೆ ಹಾಕಿದ. ಹಳೆಯ ಸ್ವಿಚ್ಚು ಬಿಚ್ಚಿ ಹೊಸದನ್ನು ಕೈಗೆ ತೆಗೆದುಕೊಂಡಾಗ, ತಿರುಪು ಇರುವ ವಸ್ತು, ಒಳಗೆ ಹರಿಯುವುದು ಎಣ್ಣೆ, ಬರಿದಾಗಿ ಹಾಕಿದರೆ ಸೋರುವುದಿಲ್ಲವೇ ಅನ್ನಿಸಿತು. ಜೇಬಿನಿಂದ ನೂಲು ಹೊರಬಂತು. ಚೂರು ಜಾಗವನ್ನೂ ಬಿಡದೆ ಸುತ್ತಿದ. ಮಿಸ್ತ್ರಿಯ ಗೂಡಿನಲ್ಲಿ ಸಫೇದಾ ಡಬ್ಬಿಯೂ ಸಿಕ್ಕಿತು. ಬಳಿದು, ಬಿಗಿದು, ತಂತಿ ಸಿಕ್ಕಿಸಿ, ಒಂದೇ ಏಟಿಗೆ ಚಾವಿ ತಿರುವಿ ಇಂಜಿನ್ ಎಬ್ಬಿಸಿದ. ಕೆಂಪು ದೀಪ ಆರಿತ್ತು.

"ಹತ್ರಿ, ಹತ್ರಿ!" ಎಂದು ಕೂಗಿದ. ಪಾನಾ ಕಟ್ಟೆಯ ಮೇಲೆಯೇ ಉಳಿಯಿತು.

ಸೋಲಾಪುರದ ರಸ್ತೆ ಹಿಡಿದು ರಾಜೇಶ್ವರ ದಾಟುವವರೆಗೆ ಕಾರು ಚೆನ್ನಾಗಿಯೇ ಓಡಿತು. ಚಳಿಗಾಲದ ಹೊತ್ತು, ಮಧ್ಯಾಹ್ನ ಜಾರಿತ್ತು. ಮಾಣಿಕಮ್ಮ ಮುಂದಿನ ಸೀಟಿನಲ್ಲಿ ಕೂತು ಮಡಿಲಲ್ಲಿ ಒಂದು ತಂಬಿಗೆ ಹಿಡಿದಿದ್ದಳು, ನಿಲ್ದಾಣದ ನಳದಲ್ಲಿ ತುಂಬಿಕೊಂಡ ನೀರು ಅದರಲ್ಲಿತ್ತು. ತಿರುವೊಂದರಲ್ಲಿ ಕುರಿಯ ಹಿಂಡು ಎದುರಾಯಿತು. ಗುಂಡಪ್ಪ ಗಕ್ಕನೆ ಬ್ರೇಕು ಒತ್ತಿದ, ಇಂಜಿನ್ ನಿಂತುಹೋಯಿತು. ಕುರಿಗಳು ದಾಟಲಿ ಎಂದು ಚಾವಿಯನ್ನು ಅರ್ಧ ತಿರುವಿ ಹಿಡಿದು ಕಾದ. ಹಾಗೆ ಕಾಯುತ್ತಲೇ ಅವನ ಕಣ್ಣು ಆ ಸಣ್ಣ ದೀಪದ ಮೇಲೆ ಬಿತ್ತು.

ದೀಪ ಹತ್ತಿರಲಿಲ್ಲ. ಹತ್ತಬೇಕಿತ್ತು. ಚಾವಿ ತಿರುವಿದ್ದು ಇಂಜಿನ್ ನಿಂತಿದ್ದರೆ ಆ ದೀಪ ಉರಿಯಲೇಬೇಕು, ಇಂಜಿನ್ ಎದ್ದ ಮೇಲೆ ಆರಬೇಕು. ಚಾವಿ ಬಿಟ್ಟು ಮತ್ತೆ ತಿರುವಿದ. ಕಪ್ಪಗೇ ಇತ್ತು. ಆಗ ಗೊತ್ತಾಯಿತು ಅವನಿಗೆ. ಆ ಸ್ವಿಚ್ಚಿಗೆ ಇರುವುದು ಒಂದೇ ತಂತಿ. ಕರೆಂಟಿನ ಇನ್ನೊಂದು ದಾರಿ ಎಂದರೆ ಅದರ ತಿರುಪು ಇಂಜಿನ್ನಿನ ಕಬ್ಬಿಣಕ್ಕೆ ತಾಗುವುದು. ತಾಗದಂತೆ ನೂಲು ಸುತ್ತಿದವನು ತಾನೇ. ದೀಪ ವಾಸಿಯಾಗಿರಲಿಲ್ಲ, ಅದರ ಬಾಯಿ ಕಟ್ಟಿತ್ತು. ಈಗ ಒಳಗೆ ಆಯಿಲ್ ಹರಿಯುತ್ತಿದೆಯೋ ಇಲ್ಲವೋ ಹೇಳುವವರೇ ಇಲ್ಲ.

"ಯಾಕಣ್ಣಾ? ಕುರಿ ದಾಟ್ಯಾವಲ್ಲ," ಎಂದಳು ಮಾಣಿಕಮ್ಮ.

ಗುಂಡಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿದ. "ಹಾಂಗೇ ನಡೀರಿ, ಏನಾಗ್ತದೋ ಆಗ್ಲಿ," ಎಂದಳು ಅವಳು.

"ಇಂಜಿನ್ ಜಾಮ್ ಆದ್ರ ನೀ ಕಲ್ಯಾಣನೂ ಕಾಣಂಗಿಲ್ಲ ತಂಗಿ. ನಡು ದಾರಿ ಪಾಲಾಗ್ತೀವಿ. ಹತ್ತು ನಿಮಿಷ ಕೊಡು, ನೂಲು ತಗದು ಹಾಕ್ತೀನಿ."

ಇಂಜಿನ್ ಮಸ್ತ್ ಇದೆ ಎಂದು ಮಿಸ್ತ್ರಿ ಹೇಳಿದ್ದ. ಆ ಮಾತು ಗುಂಡಪ್ಪನಿಗೆ ನೆನಪಾಗಲಿಲ್ಲವೇ? ಆಯಿತು. ಆದರೆ ಮಿಸ್ತ್ರಿಯ ಮಾತಿಗಿಂತ ಸೇಠರ ಮಾತು ಗಟ್ಟಿಯಾಗಿ ಕೇಳಿಸಿತು. ಅವಳಿಗಾಗಿ ನಿಲ್ಲಿಸಿದನೋ, ತನ್ನ ನೌಕರಿಗಾಗಿಯೋ ಎಂದು ನಾನು ಕೇಳಿದ್ದೆ. ಎರಡಕ್ಕೂ ಅಂದ. ನಾನಾಗಿದ್ದರೂ ನಿಲ್ಲಿಸುತ್ತಿದ್ದೆನೇನೋ.

ಬಾನೆಟ್ಟು ಎತ್ತಿದ ಮೇಲೆ ಪಾನಾ ಇಲ್ಲ ಎನ್ನುವುದು ತಿಳಿಯಿತು. ಡಿಕ್ಕಿಯಲ್ಲಿ ಇದ್ದದ್ದು ಗಾಲಿ ಬಿಚ್ಚುವ ರಾಡು, ಒಂದು ಸ್ಕ್ರೂಡ್ರೈವರು. ಬರಿಗೈಯಲ್ಲಿ ತಿರುವಲು ಹೋಗಿ ಅಂಗೈ ಸುಟ್ಟುಕೊಂಡ. ದೂರದಲ್ಲಿ ಯಾರದೋ ಹೊಲದಲ್ಲಿ ನೀರೆತ್ತುವ ಇಂಜಿನ್ನಿನ ಸದ್ದು ಕೇಳುತ್ತಿತ್ತು. ತೊಗರಿಯ ಸಾಲು ತುಳಿಯುತ್ತ ಅತ್ತ ಓಡಿದ. ಹೊಲದವನು ಬಾವಿಯೊಳಗೆ ಇಳಿದಿದ್ದ. ಅವನು ಮೇಲೆ ಬಂದು, ಇವನು ಯಾರು ಎಂದು ಕೇಳಿ, ಗುಡಿಸಲಿಗೆ ಹೋಗಿ ಪಾನಾ ಹುಡುಕಿ ಕೊಡುವಷ್ಟರಲ್ಲಿ ಹೊತ್ತು ತುಂಬಾ ವಾಲಿತ್ತು.

ಗುಂಡಪ್ಪ ತಿರುಗಿ ಬರುವಾಗ ಹುಮನಾಬಾದಿನ ಕಡೆಯಿಂದ ಕಲ್ಯಾಣದ ಬಸ್ಸು ಬಂತು. ಪಂಡರಿ ರಸ್ತೆಯ ನಡುವೆ ನಿಂತು ಕೈ ಎತ್ತಿದ. ಬಸ್ಸು ನಿಂತೂಬಿಟ್ಟಿತು.

"ಹತ್ತಬ್ಯಾಡ್ರಿ!" ಎಂದು ಗುಂಡಪ್ಪ ಹೊಲದಿಂದಲೇ ಕೂಗಿದ. "ಕಲ್ಯಾಣದಾಗ ಇಳದು ಏನ್ ಮಾಡ್ತೀರಿ? ಅಲ್ಲಿಂದ ವಾಡಿಗಿ ಈಗ ಏನೂ ಇಲ್ಲ. ಪಾನಾ ಸಿಕ್ಕದ, ಐದು ನಿಮಿಷ!"

ಅವನು ಹೇಳಿದ್ದು ಸುಳ್ಳಲ್ಲ. ಕಂಡಕ್ಟರು ಶಿಳ್ಳೆ ಹಾಕಿದ. ಮಾಣಿಕಮ್ಮ ಒಂದು ಕಾಲು ಮೆಟ್ಟಿಲ ಮೇಲಿಟ್ಟಿದ್ದಳು, ಇಳಿಸಿದಳು.

ಐದು ನಿಮಿಷ ಅನ್ನುವುದು ಬಾಯಿಗೆ ಸುಲಭ. ಸಫೇದಾ ಇಂಜಿನ್ನಿನ ಕಾವಿಗೆ ಬೆಂದು ಗಾರೆಯಾಗಿತ್ತು. ಸ್ವಿಚ್ಚು ಜಗ್ಗಲಿಲ್ಲ. ಹೆಚ್ಚು ಬಲ ಹಾಕಿದರೆ ಮುರಿಯುತ್ತದೆ, ಹಾಕದಿದ್ದರೆ ಬರುವುದಿಲ್ಲ. ಬಿಸಿ ತುಪ್ಪ, ನುಂಗಲೂ ಆಗದು ಉಗುಳಲೂ ಆಗದು. ಗುಂಡಪ್ಪ ತನ್ನನ್ನು ತಾನೇ ಬೈದುಕೊಳ್ಳುತ್ತ, ದೇವರನ್ನೂ ಬೈಯುತ್ತ ತುಸುತುಸುವೇ ತಿರುವಿದ. ಕಡೆಗೂ ಅದು ಬಂದಾಗ ತಿರುಪಿನ ಗೆರೆಗೆರೆಯಲ್ಲೂ ನೂಲು ಅಂಟಿ ಗಟ್ಟಿಯಾಗಿತ್ತು. ಸ್ಕ್ರೂಡ್ರೈವರಿನ ತುದಿ ಆ ಗೆರೆಗಳಿಗೆ ದಪ್ಪ. ಸುಟ್ಟ ಕೈಗೆ ಎಳೆ ಸಿಗುತ್ತಿರಲಿಲ್ಲ.

"ಇಲ್ಲಿ ಕೊಡ್ರಿ," ಎಂದಳು ಮಾಣಿಕಮ್ಮ.

ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ ರಸ್ತೆಯ ಬದಿಯಲ್ಲಿ ಕೂತಳು. ಕುರಿಯ ಗೊರಸಿನಿಂದ ಮುಳ್ಳು ಕಿತ್ತು ಬೆಳೆದ ಕೈ ಅದು. ಒಂದೊಂದೇ ಎಳೆ ಕೀಳುತ್ತ ಹೋದಳು. ಕಣ್ಣಲ್ಲಿ ನೀರು ತುಂಬಿದಾಗ ತೋಳಿನಿಂದ ಒರೆಸಿಕೊಂಡು ಮತ್ತೆ ಕಿತ್ತಳು. ಅವಳು ಬೈದಿದ್ದರೆ ಚೆನ್ನಾಗಿತ್ತು ಎಂದು ಗುಂಡಪ್ಪ ಆಮೇಲೆ ಎಷ್ಟೋ ಸಲ ಹೇಳಿದ್ದಾನೆ. ಪಂಡರಿ ಮಾತ್ರ ಪಡುವಣ ದಿಕ್ಕಿಗೆ ಮುಖ ಮಾಡಿ ನಿಂತವನು ಇತ್ತ ತಿರುಗಲೇ ಇಲ್ಲ.

ತಿರುಪು ಹೊಳೆಯುವಂತೆ ಶುದ್ಧವಾದ ಮೇಲೆ ಗುಂಡಪ್ಪ ಸ್ವಿಚ್ಚನ್ನು ನೂಲಿಲ್ಲದೆ ಹಾಗೆಯೇ ಕೂರಿಸಿ ಬಿಗಿದ. ಒಳಗೆ ಬಂದು ಉಸಿರು ಹಿಡಿದು ಚಾವಿಯನ್ನು ಅರ್ಧ ತಿರುವಿದ. ಕೆಂಪು ದೀಪ ಹತ್ತಿತು. ಪೂರ್ತಿ ತಿರುವಿದ. ಇಂಜಿನ್ ಎದ್ದಿತು, ದೀಪ ಆರಿತು. ಮಿಸ್ತ್ರಿ ಹೇಳಿದ್ದೇ ನಿಜ. ಸ್ವಿಚ್ಚೊಂದು ಬಿಟ್ಟರೆ ಆ ಗಾಡಿಗೆ ನಿನ್ನೆಯಿಂದ ಇಂದಿನವರೆಗೆ ಯಾವ ರೋಗವೂ ಇರಲಿಲ್ಲ.

ಆಮೇಲೆ ಅವನು ಓಡಿಸಿದ ರೀತಿ ಕಂಡಿದ್ದರೆ ಸೇಠರು ಎದೆ ಒಡೆದುಕೊಳ್ಳುತ್ತಿದ್ದರು. ದೂರದಲ್ಲಿ ಕಲ್ಯಾಣದ ಕೋಟೆ ಕಂಡಾಗ ಬಿಸಿಲು ಅದರ ಗೋಡೆಯ ಮೇಲೆ ಇನ್ನೂ ಇತ್ತು. ಊರು ದಾಟಿ ಬಂಡಿಯ ದಾರಿಗೆ ಇಳಿದಾಗ ಬೇವಿನ ಮರಗಳ ತುದಿಯಲ್ಲಿ ಮಾತ್ರ ಉಳಿದಿತ್ತು. "ಐತಿ, ಇನ್ನಾ ಹೊತ್ತೈತಿ," ಎಂದು ಮಾಣಿಕಮ್ಮ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಗುಂಡಿಯಲ್ಲಿ ಕಾರು ಎದ್ದು ಬಿದ್ದರೂ ತಂಬಿಗೆಯ ಬಾಯಿಂದ ಅಂಗೈ ತೆಗೆಯಲಿಲ್ಲ.

ವಾಡಿ ಇನ್ನೂ ಕಂಡಿರಲಿಲ್ಲ. ಎದುರಿನಿಂದ ಗಂಡಸರ ಗುಂಪೊಂದು ನಡೆದು ಬಂತು. ಹೆಗಲ ಮೇಲೆ ಸಲಿಕೆ, ಗುದ್ದಲಿ. ಎಲ್ಲರ ತಲೆಯೂ ಒದ್ದೆ. ಮಣ್ಣು ಕೊಟ್ಟವರು ಹಳ್ಳದಲ್ಲಿ ಮುಳುಗಿಯೇ ಮನೆಗೆ ಹೋಗಬೇಕು. ಒದ್ದೆ ತಲೆ ಕಂಡ ಮೇಲೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಕಾರು ನಿಲ್ಲುವ ಮೊದಲೇ ಮಾಣಿಕಮ್ಮ ಬಾಗಿಲು ತೆರೆದು ತಂಬಿಗೆ ಹಿಡಿದೇ ಹಾರಿ ಹೊಲದ ಕಡೆಗೆ ಓಡಿದಳು.

ಗುಂಡಪ್ಪ ಮತ್ತು ಪಂಡರಿ ತಲುಪುವಾಗ ಅವಳು ಹಸಿ ಮಣ್ಣಿನ ದಿಬ್ಬದ ಮೇಲೆ ಬಿದ್ದು ಎರಡೂ ಕೈಯಿಂದ ಕೆದರುತ್ತಿದ್ದಳು. "ಯವ್ವಾ, ಬಂದೀನಿ. ಯವ್ವಾ, ನಾ ಬಂದೀನಿ." ಇನ್ನೂ ಅಲ್ಲಿಯೇ ಉಳಿದಿದ್ದ ಅವಳ ತಮ್ಮ ಮಡೆಪ್ಪ ಹಿಂದಿನಿಂದ ತಬ್ಬಿ ಎಳೆಯುತ್ತಿದ್ದ. ಕೊಟ್ಟ ಮಣ್ಣನ್ನು ತೆಗೆಯುವಂತಿಲ್ಲ. ಎಳೆಯುವವನೂ ಅವಳಷ್ಟೇ ಜೋರಾಗಿ ಅಳುತ್ತಿದ್ದ.

"ಕುಣ್ಯಾಗ ಇಳಿಸಿದ ಮ್ಯಾಲೂ ಕಾದೆ, ಅಕ್ಕಾ. ಮಾರಿ ಮ್ಯಾಲ ಮಣ್ಣು ಬೀಳಗೊಡಲಿಲ್ಲ. ಹಿರೇರು ಬೈದ್ರು, ಆದ್ರೂ ನಿಂತೆ. ಈಗ... ಈಗ ಮುಚ್ಚಿದ್ವಿ. ದೂರದಾಗ ನಿನ್ನ ಗಾಡಿ ಸಪ್ಪಳ ಕೇಳಿಸ್ತು, ಯಾರದೋ ಅಂದ್ಕೊಂಡೆ."

ಮಾಣಿಕಮ್ಮ ಕೆದರುವುದನ್ನು ಬಿಟ್ಟಳು. ಪಕ್ಕದಲ್ಲಿಟ್ಟಿದ್ದ ತಂಬಿಗೆಯನ್ನು ಎತ್ತಿ, ತಾಯಿಯ ತಲೆ ಯಾವ ಕಡೆಗಿದೆ ಎಂದು ತಮ್ಮನನ್ನು ಕೇಳಿದಳು. ಅವನು ತೋರಿಸಿದ ಕಡೆ ನೀರು ಬಿಟ್ಟಳು. ಹಸಿ ಮಣ್ಣು ಅದನ್ನು ಕುಡಿದುಬಿಟ್ಟಿತು.

ಮಡೆಪ್ಪ ಕಣ್ಣೊರೆಸಿಕೊಂಡು ಗುಂಡಪ್ಪನ ಹತ್ತಿರ ಬಂದ. ಸುಟ್ಟ ಕೈಯನ್ನು, ಎಣ್ಣೆಯಾದ ಅಂಗಿಯನ್ನು ನೋಡಿದ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ, ಪಾಪ ಅನ್ನುವ ಮರುಕವೇ ಇತ್ತು.

"ದಾರ್‍ಯಾಗ ಗಾಡಿ ಕೆಟ್ಟಿತ್ತೇನ್ರಿ?"

ಹೌದು ಎಂದಿದ್ದರೆ ಎಲ್ಲರೂ ನಂಬುತ್ತಿದ್ದರು. ಮಾಣಿಕಮ್ಮ ದಿಬ್ಬದ ಮೇಲಿಂದ ತಲೆ ಎತ್ತಿ ಅವನನ್ನೇ ನೋಡುತ್ತಿದ್ದಳು.

"ಇಲ್ಲರಿ," ಎಂದ. "ಏನೂ ಕೆಟ್ಟಿದ್ದಿಲ್ಲ."