ಆರು ಗಂಟೆಯ ನಾಡಿ

ಗುಲನಾಜ ಅಂಟುಪಟ್ಟಿಯ ತುದಿಯನ್ನು ಉಗುರಿನಿಂದ ಎಬ್ಬಿಸಿ ಮೆಲ್ಲಗೆ ಬಿಡಿಸತೊಡಗಿದಳು. ಹುಚ್ಚವ್ವನ ಎಡಗೈಯಲ್ಲಿ ಸಲಾಯಿನ್ ಸೂಜಿ ಹಾಗೇ ಉಳಿದುಬಿಟ್ಟಿತ್ತು. ನಿನ್ನೆ ಸಂಜೆ ಮುದ್ದೇಬಿಹಾಳದ ಆಸ್ಪತ್ರೆಯಿಂದ ಇಂಗಳೇಶ್ವರಕ್ಕೆ ಹೆಣ ತರುವಾಗ ಯಾರೂ ಅದನ್ನು ಗಮನಿಸಿರಲಿಲ್ಲ. ಬೆಳಿಗ್ಗೆ ಜಳಕ ಮಾಡಿಸಲು ಹೆಂಗಸರು ತೋಳು ಎತ್ತಿದಾಗ ಕಂಡಿತು.

"ಬಂತೇನ?" ಎಂದಳು ಸಿದ್ದವ್ವ. ಸತ್ತವಳ ತಂಗಿ. ಬಿಸಿನೀರಿನ ಕೊಡ ಹಿಡಿದು ನಿಂತಿದ್ದಳು.

"ಬಂತು, ಚಿಗವ್ವಾ."

ರಕ್ತ ಬರಲಿಲ್ಲ. ಆದರೂ ಗುಲನಾಜ ರೂಢಿಯಂತೆ ಹತ್ತಿ ಇಟ್ಟು ಹೆಬ್ಬೆರಳಿನಿಂದ ಒತ್ತಿದಳು. ನಿನ್ನೆಯಿಂದ ಅವಳು ಅತ್ತಿರಲಿಲ್ಲ. ಅಳು ಬರುತ್ತದೇನೋ ಎಂದು ಒಂದೆರಡು ಸಲ ಕಾದು ನೋಡಿದ್ದಳು. ಬಂದಿರಲಿಲ್ಲ. ಬಸ್ಸು ಹತ್ತಿದ್ದು, ಬಾಗೇವಾಡಿಯಲ್ಲಿ ಇಳಿದದ್ದು, ಆಟೋದವನ ಜೊತೆ ಮಾತಾಡಿದ್ದು ಯಾವುದೂ ತನಗೆ ಆದದ್ದಲ್ಲ ಎನ್ನುವಂತಿತ್ತು.

"ನಾ ಬಜಾರಕ್ಕ ಹೋಗಬಾರದಿತ್ತು," ಎಂದು ಸಿದ್ದವ್ವ ನೀರು ಹೊಯ್ಯುತ್ತಲೇ ಹೇಳಿದಳು. "ಎರಡು ಗಂಟೇಕ ಅಕ್ಕ ಮಕ್ಕೊಂಡಿದ್ಲು, ವಾರ್ಡಿನ್ಯಾಗಿದ್ದ ಆ ಹುಡುಗೀನ ಕೇಳಿದೆ. ಆರಾಮ ಅದಾರ, ನಾಡಿ ಚಲೋ ಐತಿ ಅಂದ್ಲು. ಮೋಸಂಬಿ ತರೂಣು ಅಂತ ಹೋದೆ. ನಾ ಇದ್ದಿದ್ರ ನನ್ನ ಕರೀತಿದ್ಲು."

"ಕರದ್ರ ನೀ ಏನು ಮಾಡಾಕಿದ್ದಿ?" ಎಂದಳು ನೆರೆಮನೆಯ ಮುದುಕಿ. "ಆಕಿ ಋಣ ಅಷ್ಟ ಇತ್ತು."

ಸಿದ್ದವ್ವ ಕೊಡ ಬರಿದಾದ ಮೇಲೂ ಬಗ್ಗಿಸಿಯೇ ಹಿಡಿದಿದ್ದಳು. ಗುಲನಾಜ ಅದನ್ನು ಅವಳ ಕೈಯಿಂದ ಬಿಡಿಸಿಕೊಂಡಳು.

ಹುಚ್ಚವ್ವನಿಗಿಂತ ಮೊದಲು ಹುಟ್ಟಿದ ಮೂರು ಕೂಸುಗಳು ಉಳಿದಿರಲಿಲ್ಲ. ಇದಾದರೂ ಉಳಿಯಲೆಂದು ಆ ಹೆಸರು ಇಟ್ಟಿದ್ದರು. ಕುರಿ ಕಾಯುವವನ ಮಗಳು ಆಸ್ಪತ್ರೆಯಲ್ಲಿ ಆಯಾ ಆಗಿ ಸೇರಿ, ನರ್ಸಿಂಗ್ ಓದಿ, ಆಮೇಲೆ ಪದವಿ ಮುಗಿಸಿ, ಮುದ್ದೇಬಿಹಾಳದ ನರ್ಸಿಂಗ್ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷ ಕಲಿಸಿದಳು. ಪ್ರತಿ ವರ್ಷ ಹೊಸ ಹುಡುಗಿಯರು ಹಾಜರಿ ಪುಸ್ತಕದ ಮೇಲೆ ಆ ಹೆಸರು ಓದಿ ನಗುತ್ತಿದ್ದರು. "ನಕ್ಕು ಮುಗೀತಾ? ಕೈ ತೊಳಕೊಂಡು ಬರ್ರಿ," ಎನ್ನುತ್ತಿದ್ದಳು. ಮದುವೆಯಾಗಲಿಲ್ಲ. ವಿಧವೆ ತಂಗಿಯನ್ನು ಕರೆದು ಜೊತೆಗಿಟ್ಟುಕೊಂಡಿದ್ದಳು. ನಿವೃತ್ತಿಯಾಗಿ ನಾಲ್ಕು ವರ್ಷವಾಗಿತ್ತು. ಈಗ ಅದೇ ಕಾಲೇಜಿನಲ್ಲಿ ಅವಳ ಜಾಗದಲ್ಲಿ ಶಿಷ್ಯೆ ಗುಲನಾಜ ಕಲಿಸುತ್ತಿದ್ದಳು.

ಹತ್ತು ಗಂಟೆಗೆ ಕಾಲೇಜಿನ ಬಸ್ಸು ಬಂತು. ಬಿಳಿ ಸಮವಸ್ತ್ರದ ಹುಡುಗಿಯರು ಇಳಿದು ಬೇವಿನ ಗಿಡದ ಕೆಳಗೆ ಗುಂಪಾಗಿ ನಿಂತರು. ಎಲ್ಲರಿಗಿಂತ ಹಿಂದೆ, ನಿನ್ನೆ ವಾರ್ಡಿನಲ್ಲಿದ್ದ ರಾಜಶ್ರೀ ಇದ್ದಳು. ಆಫೀಸಿನ ಮೇಲ್ವಿಚಾರಕ ಸರ್ಫರಾಜ ದೊಡ್ಡ ಹೂವಿನ ಹಾರ ತಂದಿದ್ದ. ಗೋಡೆಗೆ ಆನಿಸಿ ಕೂರಿಸಿದ್ದ ಹೆಣಕ್ಕೆ ಹಾರ ಹಾಕಿ ಹೊರಗೆ ಬಂದಾಗ ಅವನ ಕಣ್ಣು ಕೆಂಪಾಗಿದ್ದವು. ಅವನ ತಾಯಿಯ ಕೊನೆಗಾಲದಲ್ಲಿ ಹುಚ್ಚವ್ವ ದಿನಾ ಮನೆಗೆ ಬಂದು ಮೈ ಒರೆಸಿ ಹೋಗುತ್ತಿದ್ದಳು.

"ಮೇಡಂ, ಒಂದು ಮಾತು," ಎಂದು ಗುಲನಾಜಳನ್ನು ಬಣಿವೆಯ ಬದಿಗೆ ಕರೆದ. "ಪ್ರಿನ್ಸಿಪಾಲರು ಹೇಳಿ ಕಳಿಸ್ಯಾರ. ಮೇಡಮ್ಮರ ನಾಡಿ ಚಾರ್ಟ್ ಬ್ಯಾರೆ ಬರಸೇವಿ. ಎರಡು ಗಂಟೇದು, ನಾಕರದು ಐತಿ. ಆರರದು ತಗದೇವಿ."

"ಎರಡರದೂ ನೋಡಿ ಬರದಿದ್ದಲ್ಲ. ರಾಜಶ್ರೀನ ನನಗ ಹೇಳ್ಯಾಳ."

"ಅದು ಯಾರಿಗೆ ಗೊತ್ತೈತ್ರಿ? ನಿಮಗ, ಆ ಹುಡುಗಿಗೆ. ಯುನಿವರ್ಸಿಟಿ ಮಾನ್ಯತಾ ಪತ್ರ ಇನ್ನ ಬರಬೇಕು. ಆ ಹುಡುಗೀದೂ ಜೀವನ ಐತಿ, ನಿಮ್ದೂ ಐತಿ. ಹ್ವಾದ ಜೀವ ಹೊಳ್ಳಿ ಬರ್ತೈತೇನು? ಮಣ್ಣು ಆಗಿ ಹೋಗಲಿ, ಬಿಡ್ರಿ."

ಗುಲನಾಜ ಅವನ ಶರ್ಟಿನ ಗುಂಡಿ ನೋಡುತ್ತ ನಿಂತಿದ್ದಳು. ಒಂದು ಗುಂಡಿಗೆ ಬೇರೆ ಬಣ್ಣದ ದಾರ ಹಾಕಿತ್ತು.

*

ನಿನ್ನೆ ವಿಶ್ವವಿದ್ಯಾಲಯದ ತಪಾಸಣೆ ಇತ್ತು. ಬೆಳಿಗ್ಗೆ ವಾರ್ಡಿನಲ್ಲಿ ಒಂಬತ್ತು ಹುಡುಗಿಯರಿದ್ದರು. ಎಂಟು ಜನರನ್ನು ಗುಲನಾಜಳೇ ಕಾಲೇಜಿಗೆ ಕರೆದೊಯ್ದಳು. ಇಪ್ಪತ್ತೆರಡು ಹಾಸಿಗೆಗೆ ಎರಡನೇ ವರ್ಷದ ರಾಜಶ್ರೀ ಒಬ್ಬಳೇ ಉಳಿದಳು. ಇದ್ದೊಬ್ಬ ಸಿಸ್ಟರು ಹೆರಿಗೆ ಕೋಣೆಗೆ ಹೋಗಿದ್ದಳು. ನ್ಯುಮೋನಿಯಾದಿಂದ ಮಲಗಿದ್ದ ಹುಚ್ಚವ್ವ ಚೇತರಿಸಿಕೊಂಡಿದ್ದಳು. ಶುಕ್ರವಾರ ಮನೆಗೆ ಕಳಿಸುವುದೆಂದು ಡಾಕ್ಟರು ಹೇಳಿದ್ದರು.

ಕಾಲೇಜಿನ ಪಡಸಾಲೆಯಲ್ಲಿ ದೊಡ್ಡ ಫಲಕ ಇತ್ತು. ಕರುಣೆ, ಸತ್ಯನಿಷ್ಠೆ, ರೋಗಿಯ ಘನತೆ, ಹೊಣೆಗಾರಿಕೆ. ಹುಡುಗಿಯರು ಒಬ್ಬೊಬ್ಬರಾಗಿ ಕಾಲೇಜಿನ ಧ್ಯೇಯ, ಉದ್ದೇಶ ಒಪ್ಪಿಸಿದರು. ಹದಿನೈದು ದಿನ ಕೂರಿಸಿ ಬಾಯಿಪಾಠ ಮಾಡಿಸಿದ್ದವಳು ಗುಲನಾಜ. ಯಾರೂ ತಡವರಿಸಲಿಲ್ಲ. ಬಂದವರು ತಲೆದೂಗಿ ಬರೆದುಕೊಂಡರು.

ನಾಲ್ಕೂವರೆಗೆ ಆಸ್ಪತ್ರೆಯಿಂದ ಫೋನು ಬಂತು. ಮೋಸಂಬಿ ಚೀಲ ಹಿಡಿದು ಬಂದ ಸಿದ್ದವ್ವ ಅಕ್ಕನ ಕೈ ಮುಟ್ಟಿ ಕೂಗಿಕೊಂಡಿದ್ದಳು. ಗುಲನಾಜ ಓಡಿ ಬಂದಾಗ ಡಾಕ್ಟರು, "ಹೋಗಿ ಭಾಳ ಹೊತ್ತಾಗೈತಿ," ಎಂದರು. ಹಾಸಿಗೆಯ ಕಾಲ ಬಳಿ ಚಾರ್ಟ್ ನೇತಾಡುತ್ತಿತ್ತು. ಎರಡು ಗಂಟೆ, ನಾಡಿ ಎಂಬತ್ನಾಲ್ಕು. ನಾಲ್ಕು ಗಂಟೆ, ಎಂಬತ್ತೆರಡು. ಆರು ಗಂಟೆ, ಎಂಬತ್ತೆರಡು.

ಗುಲನಾಜ ಗೋಡೆಯ ಗಡಿಯಾರ ನೋಡಿದಳು. ಐದಕ್ಕೆ ಇನ್ನೂ ಹತ್ತು ನಿಮಿಷ ಇತ್ತು.

*

ಹದಿನಾಲ್ಕು ವರ್ಷದ ಹಿಂದೆ ಗುಲನಾಜಳೂ ಎರಡನೇ ವರ್ಷದಲ್ಲಿದ್ದಳು. ಗೆಳತಿಯ ಮದುವೆಗೆ ಸಿಂದಗಿಯ ಬಸ್ಸು ಹಿಡಿಯಬೇಕಿತ್ತು. ಹತ್ತು ಹಾಸಿಗೆಗೂ ಜ್ವರ ತೊಂಬತ್ತೆಂಟು ಪಾಯಿಂಟ್ ಆರು ಎಂದು ಬರೆದು ಚೀಲ ಎತ್ತಿಕೊಂಡಳು. ಬಾಗಿಲಲ್ಲಿ ಹುಚ್ಚವ್ವ ನಿಂತಿದ್ದಳು. ಚಾರ್ಟುಗಳನ್ನು ನೋಡಿದಳು. ಬೈಯಲಿಲ್ಲ. ಗುಲನಾಜಳ ರಟ್ಟೆ ಹಿಡಿದು ಏಳನೇ ಹಾಸಿಗೆಗೆ ಕರೆದೊಯ್ದಳು. ನಿಡಗುಂದಿಯ ಜನ್ನತಬಿ ಎಂಬ ಮುದುಕಿ ಎರಡು ಕಂಬಳಿ ಹೊದ್ದು ನಡುಗುತ್ತಿದ್ದಳು.

"ನೀ ಬರದದ್ದು ಈಕಿಗೆ ಓದಿ ಹೇಳು."

ಗುಲನಾಜ ಓದಿದಳು. "ಜ್ವರ ಇಲ್ಲ."

ಮುದುಕಿ ಕಂಬಳಿಯಿಂದ ಮುಖ ಹೊರಗೆ ಹಾಕಿದಳು. "ಇಲ್ಲಾ? ಹಂಗಾದ್ರ ಚಲೋ ಆತು ಬೇಟಿ. ನನಗ ಸುಮ್ನ ಥಂಡಿ ಹತ್ತಿದಂಗ ಅನಸ್ತೈತಿ ನೋಡು," ಎಂದು ನಗಲು ನೋಡಿದಳು. ಹಲ್ಲು ಕಟಕಟ ಎನ್ನುತ್ತಿದ್ದವು.

ಜ್ವರ ನೂರಾ ಮೂರು ಇತ್ತು.

ಹೊರಗೆ ಬಂದ ಮೇಲೆ ಹುಚ್ಚವ್ವ ಹೇಳಿದ್ದು ಇಷ್ಟೇ. "ನೋಡಿಲ್ಲಂದ್ರ ಖಾಲಿ ಬಿಡು. ಖಾಲಿ ಇದ್ರ ಯಾರರೆ ಹೋಗಿ ನೋಡ್ತಾರ. ನೀ ತುಂಬಿದಿ ಅಂದ್ರ ಯಾರೂ ಹೋಗೂದಿಲ್ಲ." ಆಮೇಲೆ ನಡೆದದ್ದನ್ನೆಲ್ಲ ಅವಳ ಕೈಯಿಂದಲೇ ಬರೆಸಿ ಪ್ರಿನ್ಸಿಪಾಲರಿಗೆ ಕೊಡಿಸಿದಳು. ಗುಲನಾಜ ಮತ್ತೊಂದು ತಿಂಗಳು ವಾರ್ಡಿನ ಪಾಳಿ ಮಾಡಬೇಕಾಯಿತು. ಒಂದು ವರ್ಷ ಅವಳನ್ನು ದ್ವೇಷಿಸಿದಳು. ಹುಚ್ಚವ್ವ ಮಾತ್ರ ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ.

*

ಸಿದ್ದವ್ವ ಹೆಣದ ಪಕ್ಕ ಕೂತಿದ್ದಳು. ಬಂದವರಿಗೆಲ್ಲ ಅದೇ ಮಾತು ಹೇಳುತ್ತಿದ್ದಳು. "ಬಜಾರಕ್ಕ ಹೋಗಬಾರದಿತ್ತು ನಾ."

ಗುಲನಾಜ ಅವಳೆದುರು ನೆಲದ ಮೇಲೆ ಕೂತಳು.

"ಚಿಗವ್ವಾ, ಎರಡು ಗಂಟೇಕ ಮೇಡಮ್ಮರನ್ನ ಯಾರೂ ನೋಡಿರಲಿಲ್ಲ. ನಾಡಿ ಮುಟ್ಟಲಾರದ ಬರದಿದ್ದು ಅದು. ಆ ಹುಡುಗಿ ಒಬ್ಬಾಕಿನ್ನ ಬಿಟ್ಟು ಉಳದವರನ್ನ ಕರಕೊಂಡು ಹ್ವಾದಾಕಿ ನಾ."

ಬಾಗಿಲಲ್ಲಿ ಸರ್ಫರಾಜ, "ಮೇಡಂ," ಎಂದ.

ಗುಲನಾಜ ತಿರುಗಿ ನೋಡಲಿಲ್ಲ. "ನಾಕೂವರಿಗೆ ಆರರ ನಾಡಿನೂ ಬರದಾಗಿತ್ತು. ಈಗ ಬ್ಯಾರೆ ಚಾರ್ಟ್ ಮಾಡ್ಯಾರ. ಯಾರು ಕೇಳಿದ್ರೂ ನಾ ಇದನ್ನ ಹೇಳ್ತೇನಿ. ನಾಳೆ ಬರದೂ ಕೊಡ್ತೇನಿ."

ಹೆಂಗಸರು ಸಿದ್ದವ್ವನ ಕಡೆ ತಿರುಗಿದರು. ಅಂಗಳದಲ್ಲಿ ಭಜನೆಯ ತಾಳ ಕೇಳುತ್ತಿತ್ತು.

"ಅಂದ್ರ ನಾ ಹೋಗೂ ಹೊತ್ತಿಗೆ ಆಕಿ ಇದ್ಲೋ ಇಲ್ಲೋ?"

"ಗೊತ್ತಿಲ್ಲ."

"ಯಾರರೆ ನೋಡಿದ್ರ ಉಳೀತಿದ್ಲು?"

"ಅದೂ ಗೊತ್ತಿಲ್ಲ, ಚಿಗವ್ವಾ."

ಸಿದ್ದವ್ವ ಅಕ್ಕನ ಪಾದದ ಮೇಲಿನ ಸೀರೆ ಸರಿಮಾಡಿದಳು. "ಕರಿ ಆ ಹುಡುಗೀನ," ಎಂದಳು.

ರಾಜಶ್ರೀ ಬಂದಳು. ಇಪ್ಪತ್ತು ತುಂಬಿರದ ಮುಖ. ಬಾಗಿಲ ಚೌಕಟ್ಟು ಹಿಡಿದೇ ನಿಂತಳು.

"ಕಡೀಕ ಯಾವಾಗ ನೋಡಿದ್ದಿ?"

"ಹನ್ನೆರಡೂವರಿಗೆ ರಿ."

"ಏನರೆ ಅಂದ್ಲು?"

"ನಿನಗ ಎಷ್ಟು ಹಾಸಿಗಿ ಅಂದ್ರು. ಇಪ್ಪತ್ತೆರಡು ಅಂದೆ. ಗುಲನಾಜ ಎಲ್ಲಿ ಅದಾಳ ಅಂದ್ರು. ಕಾಲೇಜಿನ್ಯಾಗ ಇನ್ಸ್‌ಪೆಕ್ಷನ್ ಐತ್ರಿ ಅಂದೆ."

"ಆಮ್ಯಾಲೆ?"

"ಏನೂ ಅನ್ಲಿಲ್ರಿ. ಗ್ವಾಡಿ ಕಡೆ ಹೊಳ್ಳಿ ಮಕ್ಕೊಂಡ್ರು."

ಗುಲನಾಜ ತನ್ನ ಅಂಗೈ ನೋಡಿಕೊಂಡಳು. ಒಂದು ಕೈಯಿಂದ ಇನ್ನೊಂದನ್ನು ಹಿಚುಕಿದಳು. ಜೋಮು ಹಿಡಿದಂತೆ ಏನೂ ತಿಳಿಯಲಿಲ್ಲ.

"ನಾಡಿ ನೋಡಾಕ ಎಷ್ಟೊತ್ತು ಬೇಕು?" ಎಂದಳು ಸಿದ್ದವ್ವ.

"ಒಂದು ನಿಮಿಷ ರಿ."

"ಒಂದು ನಿಮಿಷ." ಸಿದ್ದವ್ವ ಸೆರಗು ಸರಿಸಿ ಬಲಗೈ ಮುಂದೆ ಚಾಚಿದಳು. "ಬಾ. ಎಣಸು. ಎಷ್ಟೊತ್ತು ಆಕ್ಕತಿ ನೋಡೂಣು."

ರಾಜಶ್ರೀ ಗುಲನಾಜಳ ಕಡೆ ನೋಡಿದಳು. ಹುಡುಗಿ ಮಂಡಿಯೂರಿ ಕೂತು ಆ ಸುಕ್ಕುಗಟ್ಟಿದ ಮಣಿಕಟ್ಟು ಹಿಡಿದಳು. ನಾಡಿ ಸಿಗಲಿಲ್ಲ. ಬೆರಳು ಸರಿಸಿದಳು, ಮತ್ತೆ ಸರಿಸಿದಳು. ಸಿಕ್ಕಿತು. ತುಟಿಯಲ್ಲೇ ಎಣಿಸತೊಡಗಿದಳು.

ಅಂಗಳದಲ್ಲಿ ಟ್ರ್ಯಾಕ್ಟರ್ ಶುರುವಾಯಿತು. ಹುಚ್ಚವ್ವನ ತಮ್ಮನ ಮಗ ಅಮಸಿದ್ದ ಬಾಗಿಲಿಗೆ ಬಂದು, "ಹೊತ್ತಾತು, ಏಳ್ರಿ. ಎತ್ತೂಣು," ಎಂದ.

ಯಾರೂ ಏಳಲಿಲ್ಲ. ಕಣ್ಣೀರು ಗಲ್ಲದಿಂದ ಇಳಿಯುತ್ತಿದ್ದರೂ ರಾಜಶ್ರೀ ಒರೆಸಿಕೊಳ್ಳದೆ ಕೈಗಡಿಯಾರದ ಮುಳ್ಳನ್ನೇ ನೋಡುತ್ತ ಎಣಿಸುತ್ತಿದ್ದಳು. ಅಮಸಿದ್ದ ಇನ್ನೊಮ್ಮೆ ಕರೆದ. ಸಿದ್ದವ್ವ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.